ಕರಿನಾಲಗೆಯೂ ಕೆಂಪು ಗುಳ್ಳೆಯೂ

ಕಾವೇರಿಯ ನಡುಗಡ್ಡೆಯಲ್ಲಿ ಪವಡಿಸಿರುವ ಶ್ರೀರಂಗನಿಗೆ ಮೊದಲು ಕೈಮುಗಿಯುತ್ತೇನೆ. ಎಪ್ಪತ್ತು ದಾಟಿದ ಈ ದೇಹದಲ್ಲಿ ನೆನಪನ್ನು ಮಾಸದಂತೆ ಉಳಿಸಿದವನು ಅವನು. ಅಕ್ಷರ ತಿದ್ದಿಸಿದ ಗುರುಗಳಿಗೂ, ಸೊಂಟದ ಮೇಲೆ ಹೊತ್ತು ಬೆಳೆಸಿದ ನನ್ನ ಅಕ್ಕನಿಗೂ ನಮಸ್ಕಾರ. ಮಕ್ಕಳೇ, ದೇವರ ಹೆಸರು ಹೇಳಿದ ಬಾಯಿಂದಲೇ ನಿಮಗೊಂದು ಹಗೆಯ ಕಥೆಯನ್ನು ಹೇಳಲಿದ್ದೇನೆ. ಅವನು ಮುನಿಯಲಾರ. ಈ ಹಗೆಯನ್ನು ನನ್ನ ಕೈಗೆ ಕೊಟ್ಟವನೂ ಅವನೇ ಎಂದು ನಂಬಿದ್ದೇನೆ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿತ್ತು. ಅಕ್ಕನನ್ನು ನಾಗಮಂಗಲದ ಕಡೆಯ ದೇವಲಾಪುರಕ್ಕೆ ಕೊಟ್ಟಿದ್ದರು. ನನಗೆ ಎಂಟು ತುಂಬಿದ ವರ್ಷ ಗೌರಿಹಬ್ಬಕ್ಕೆ ತವರಿಗೆ ಬಂದಾಗ ಅವಳು ಎರಡು ತಿಂಗಳ ಬಸುರಿ. ಅವಳ ಕೈಗೆ ಹಸಿರು ಬಳೆ ತೊಡಿಸಲು ಬಳೆಯವ್ವ ಬಂದಳು. ಊರೂರು ತಿರುಗಿ ಬಳೆ ಮಾರುತ್ತಿದ್ದ ಮುದುಕಿ ಅವಳು. ಬಳೆಗಳನ್ನು ಹುರಿಗೆ ಪೋಣಿಸಿದ ಮಲಾರವನ್ನು ಹೆಗಲಿಗೇರಿಸಿ ಬಂದರೆ ಬೀದಿಯ ಆ ತುದಿಯಿಂದಲೇ ಗಾಜಿನ ಕಿಣಿಕಿಣಿ ಕೇಳಿಸುತ್ತಿತ್ತು. ಅವಳ ನಾಲಗೆಯ ಮೇಲೆ ಹುಟ್ಟಿನಿಂದ ಒಂದು ಕಪ್ಪು ಮಚ್ಚೆಯಿತ್ತು. ಅವಳದು ಕರಿನಾಲಗೆ, ಅವಳಾಡಿದ ಮಾತು ಆಗಿಯೇ ತೀರುವುದು ಎಂದು ಊರವರೆಲ್ಲ ನಂಬಿದ್ದರು. ಅಕ್ಕನ ಅಂಗೈಯನ್ನು ಮೆಲ್ಲಗೆ ಹಿಚುಕಿ ಬಳೆಯೇರಿಸುತ್ತ ಅವಳು, "ಕೂಸು ಹಾಲಿನಂಗೆ ಬೆಳ್ಳಗೆ ಉಟ್ಲಿ ಕಣವ್ವ" ಎಂದು ಹರಸಿದಳು. ಅವ್ವ ಹಿಗ್ಗಿ, ಮೊರದ ತುಂಬ ರಾಗಿ ಸುರಿದು ಕಳುಹಿಸಿದಳು.

ಅದೇ ವಾರ ನನ್ನ ಮುಖ ಎದೆಗಳ ಮೇಲೆ ಸಣ್ಣ ಕೆಂಪು ಗುಳ್ಳೆಗಳೆದ್ದವು. ಮೈ ತುಸು ಬೆಚ್ಚಗಾಯಿತು. ಕಿವಿಯ ಹಿಂದೆ ಗಂಟು ಕಟ್ಟಿತು. "ಬೆವರುಸಾಲೆ ಬುಡು" ಎಂದಳು ಅಜ್ಜಿ. ಬೆವರುಸಾಲೆಗೆ ಯಾರು ಅಂಜುತ್ತಾರೆ? ಅಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಣೆಕಲ್ಲಿನಲ್ಲಿ ಗಂಧ ತೇದು ಹಚ್ಚಿದಳು; ತನ್ನ ತಟ್ಟೆಯಿಂದಲೇ ತುತ್ತು ಕೊಟ್ಟಳು. ಆ ಗಂಧದ ತಂಪು ಈಗಲೂ ನನ್ನ ಕೆನ್ನೆಯ ಮೇಲಿದೆ. ಮೂರು ದಿನಕ್ಕೆ ಗುಳ್ಳೆ ಮಾಯವಾಗಿ ನಾನು ಗೋಲಿಯಾಟಕ್ಕೆ ಓಡಿದೆ. ಊರಿಗೆ ಮರಳಿದ ಮೇಲೆ ಅಕ್ಕನಿಗೂ ಎರಡು ದಿನ ಮೈ ಬಿಸಿಯಾಗಿತ್ತಂತೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೇಸಿಗೆಯಲ್ಲಿ ಅಕ್ಕ ನಮ್ಮ ಮನೆಯಲ್ಲೇ ಹೆಣ್ಣುಮಗುವನ್ನು ಹೆತ್ತಳು. ಮಗುವಿನ ಎರಡೂ ಕಣ್ಣುಗಳ ಪಾಪೆ, ಹಾಲಿನ ಹನಿ ಬಿದ್ದು ಹೆಪ್ಪುಗಟ್ಟಿದಂತೆ ಬೆಳ್ಳಗಿತ್ತು. ತೊಟ್ಟಿಲ ಬಳಿ ಹಿತ್ತಾಳೆಯ ಪಾತ್ರೆ ಉರುಳಿದರೂ ಅದು ಬೆಚ್ಚಲಿಲ್ಲ. ನೋಡಲು ಬಂದ ಅಕ್ಕನ ಅತ್ತೆ ತಲೆಯ ಮೇಲೆ ಕೈಹೊತ್ತು ಕುಳಿತು, "ಕರಿನಾಲ್ಗೆಯೋಳು ಬೆಳ್ಳಗೆ ಅಂದ್ಲು, ಕಣ್ಣೇ ಬೆಳ್ಳಗಾಗೋಯ್ತು" ಎಂದುಬಿಟ್ಟರು. ಆ ಒಂದು ಮಾತು ನನ್ನೊಳಗೆ ಮುಳ್ಳಾಗಿ ಇಳಿಯಿತು. ಬಳೆಯವ್ವನ ಮೇಲೆ ಸೇಡು ತೀರಿಸದೆ ಬಿಡೆನೆಂದು ದೇವರ ಗೂಡಿನ ಮುಂದೆ ನಿಂತು ಆಣೆಯಿಟ್ಟೆ. ಒಂಬತ್ತರ ಹುಡುಗನ ಆಣೆ ಎಂದು ನಗಬೇಡಿ.

ಆಷಾಢದ ಒಂದು ದಿನ ಅಪ್ಪನೂ ಅಕ್ಕನೂ ಮಗುವನ್ನೆತ್ತಿಕೊಂಡು ಮೊದಲ ಬಸ್ಸಿಗೆ ಮೈಸೂರಿನ ಆಸ್ಪತ್ರೆಗೆ ಹೋದರು. ಅವ್ವ ಹೊಲದಲ್ಲಿದ್ದಳು, ಅಜ್ಜಿ ಹಿತ್ತಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಗಾಳಿ ಭೋರೆಂದು ಬೀಸಿ ಬೀದಿಯ ಧೂಳನ್ನೆಲ್ಲ ನಮ್ಮ ಜಗಲಿಗೆ ತಂದು ಸುರಿಯುತ್ತಿತ್ತು. ಆ ಗಾಳಿಯೊಳಗಿಂದ ಕಿಣಿಕಿಣಿ ಕೇಳಿಸಿತು. ನಾನು ಒಳಗೆ ಹೋಗಿ ಅಡುಗೆಮನೆಯ ಗುಂಡುಕಲ್ಲನ್ನು ಎತ್ತಿಕೊಂಡು ಬಾಗಿಲ ಸಂದಿಯಲ್ಲಿ ನಿಂತೆ. ಬಳೆಯವ್ವ ಮಲಾರವನ್ನು ಜಗಲಿಯ ಮೇಲಿಳಿಸಿ, ಸೆರಗಿನಿಂದ ಬೆವರೊರೆಸಿಕೊಂಡು, "ಒಸಿ ನೀರ್ ತತ್ತಾ ಮಗ" ಎಂದಳು.

ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮಲಾರದ ಮೇಲೆ ಹಾಕಿದೆ. ಮತ್ತೆ ಎತ್ತಿದೆ, ಮತ್ತೆ ಹಾಕಿದೆ. ಹಸಿರು, ಕೆಂಪು, ಹಳದಿ ಗಾಜು ಚಿಮ್ಮಿ ಜಗಲಿಯಿಂದ ಬೀದಿಗೆ ಸುರಿಯಿತು.

"ಯಾಕ್ಲಾ ಮಗ? ನಿಂಗೇನ್ ಮಾಡಿದ್ನಲಾ?"

"ನಿನ್ ನಾಲ್ಗೆ ಬಿದ್ದೋಗ! ನಮ್ಮಕ್ಕನ ಕೂಸಿನ ಕಣ್ಣ ನೀನೇ ತಿಂದಿದ್ದು!"

ಅವಳು ಸೆರಗಿನ ಗಂಟನ್ನು ಬಿಚ್ಚಿ ಅಂಗೈ ಚಾಚಿದಳು. ಅದರಲ್ಲಿ ಬೆರಳಿನುಂಗುರಕ್ಕಿಂತ ತುಸುವೇ ದೊಡ್ಡದಾದ ಎರಡು ಕರಿಬಳೆಗಳಿದ್ದವು. ಎಳೆಗೂಸಿಗೆ ದೃಷ್ಟಿ ತಾಕದಿರಲೆಂದು ತೊಡಿಸುವ ಬಳೆಗಳವು. "ಕೂಸಿಗೇ ಅಂತ ತಂದಿದ್ದೆ ಕಣ್ಲಾ" ಎಂದಳು. ನಾನು ಅವನ್ನೂ ಕಿತ್ತು ಕಲ್ಲಿನ ಕೆಳಗಿಟ್ಟೆ. ನಿಜ ಹೇಳುತ್ತೇನೆ ಮಕ್ಕಳೇ, ಆ ಗಳಿಗೆಯಲ್ಲಿ ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಗಿತ್ತು.

ಸದ್ದಿಗೆ ಓಡಿಬಂದ ಅಜ್ಜಿ ನನ್ನನ್ನು ಗದರಲಿಲ್ಲ. ಬಳೆಯವ್ವನ ಕಾಲು ಹಿಡಿಯಲು ಬಾಗಿ, "ಉಡ್ಗ ಕಣವ್ವ, ಏನೂ ಅನ್ಬ್ಯಾಡ, ನಿನ್ ದಮ್ಮಯ್ಯ ಅಂತೀನಿ, ಏನೂ ಅನ್ಬ್ಯಾಡ!" ಎಂದು ಬೇಡಿದಳು. ಬಳೆಯವ್ವ ತನ್ನ ಬಾಯಿಗೆ ತಾನೇ ಕೈ ಅಡ್ಡಹಿಡಿದಳು. ಹಾಗೆಯೇ ಬಾಯಿ ಮುಚ್ಚಿಕೊಂಡು ಬೀದಿಯ ತುದಿಗೆ ನಡೆದು, ಹೊಂಗೆಮರದ ಬುಡದಲ್ಲಿ ಕುಳಿತುಬಿಟ್ಟಳು. ಅವಳಿಗೂ ತನ್ನ ನಾಲಗೆಯೆಂದರೆ ಭಯವಿತ್ತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಹೊತ್ತು ಇಳಿಯುವಾಗ ಅಪ್ಪ, ಅಕ್ಕ ಹಿಂತಿರುಗಿದರು. ಬೀದಿಯಲ್ಲಿ ಬಿದ್ದ ಗಾಜಿನ ಚೂರು ಕಂಡು ಕೇಳಿದಾಗ ಅಜ್ಜಿ ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಮೆಟ್ಟಿಲ ಮೇಲೆ ಕುಸಿದು, ವೈದ್ಯರ ಮಾತನ್ನು ಅಜ್ಜಿಗೆ ಹೇಳಿದರು. "ಸಣ್ ಗುಳ್ಳೆ ಏಳೋ ಒಂದು ಕಾಯ್ಲೆ ಐತಂತೆ. ಮಕ್ಳಿಗೆ ಬಂದ್ರೆ ಮೂರ್ ದಿನಕ್ಕೆ ಓಯ್ತದಂತೆ. ಬಸುರಿಗೆ ತಗುಲುದ್ರೆ ಮಾತ್ರ ಒಟ್ಟೆಲಿರೋ ಕೂಸಿನ್ ಕಣ್ಣು, ಕಿವಿ ತಿಂದಾಕ್ತದಂತೆ. ಬಸುರಾದ ಎಳೇ ತಿಂಗಳಲ್ಲಿ ಮನೇಲಿ ಯಾರ್ಗಾರ ಗುಳ್ಳೆ ಎದ್ದಿತ್ತಾ ಅಂತ ಕೇಳುದ್ರು."

ಅಕ್ಕ ನನ್ನನ್ನು ನೋಡಲಿಲ್ಲ. ಗೂಡಿನಲ್ಲಿದ್ದ ಗಂಧದ ಸಾಣೆಕಲ್ಲನ್ನು ನೋಡಿದಳು. ನನಗೆ ಅರ್ಥವಾಯಿತು. ಅದೇ ಗುಂಡುಕಲ್ಲಿಗೆ ಹಣೆ ಚಚ್ಚಿಕೊಳ್ಳಲು ಓಡಿದಾಗ ಅಕ್ಕ ನನ್ನ ರಟ್ಟೆ ಹಿಡಿದೆಳೆದಳು. "ನೀನಲ್ಲ ಕಣೋ! ಅದು ನಿನ್ ಮೈಮ್ಯಾಲೆ ಕೂತ್ಕಂಡು ಬಂದ್ಬುಡ್ತು, ನಿಂಗೇನ್ ಗೊತ್ತು? ಓಗು, ಬಳೆಯವ್ವಂಗೆ ಏಳ್ಬುಟ್ಟು ಬಾ."

ಬಳೆಯವ್ವ ಮರದಡಿ ಹಾಗೆಯೇ ಕುಳಿತಿದ್ದಳು. ನಾನು ಬಿಕ್ಕುತ್ತ ಎಲ್ಲವನ್ನೂ ಹೇಳಿದೆ. ಅವಳು ನಿಧಾನವಾಗಿ ಬಾಯ ಮೇಲಿನ ಕೈ ತೆಗೆದಳು.

"ನನ್ ನಾಲ್ಗೆ ಅಲ್ವಾ?"

"ಅಲ್ಲ."

"ನಿಜ ಏಳ್ಲಾ, ನನ್ ನಾಲ್ಗೆ ಅಲ್ವಾ?"

ಎರಡನೆಯ ಸಲವೂ ಅಲ್ಲವೆಂದೆ. ಅವಳು ಗಳಗಳನೆ ಅತ್ತಳು. ಆಮೇಲೆ ಅಳು ನಿಂತು, ನಾನು ಅಂದಿನವರೆಗೆ ಯಾರ ಮುಖದಲ್ಲೂ ಕಂಡಿರದ ಕೋಪ ಅವಳ ಮುಖಕ್ಕೇರಿತು. ನನ್ನ ಭುಜ ಹಿಡಿದು ಅಲುಗಾಡಿಸಿದಳು. "ಅಂಗಾದ್ರೆ ನನ್ ಬಳೆ ಯಾಕ್ಲಾ ಒಡ್ದೆ, ಬಡ್ಡೆತ್ತದೇ? ಆ ಗುಳ್ಳೇನ ಒಡೆಯೋಗು! ಅದ್ರ ವಂಸ ನಿರ್ವಂಸ ಆಗ್ಲಿ! ಒಂದೂ ಉಳೀಬಾರ್ದು ಕಣ್ಲಾ, ಒಂದೂ!"

ಕರಿನಾಲಗೆಯ ಮಾತು ನಿಜವಾಗಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅಂದೇ ಮೊದಲು.

ಆದರೆ ಹಗೆ ತೀರಿಸಲು ಆಗ ನಮ್ಮಲ್ಲಿ ಆಯುಧವಿರಲಿಲ್ಲ. ನಾನು ಓದಿ, ಪಾಂಡವಪುರದ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿ, ನಿವೃತ್ತನೂ ಆದೆ. ಗರ್ಭದೊಳಗಿನ ಶಿಶುವಿಗೆ ಬಾಣ ಹೂಡಿದವನ ಪುರಾಣವನ್ನು ಪಾಠ ಹೇಳುವಾಗಲೆಲ್ಲ ನನ್ನ ದನಿ ಏರುತ್ತಿತ್ತು; ಏಕೆಂದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆ ಮೂರು ದಿನದ ಗುಳ್ಳೆಯ ಹೆಸರು ರುಬೆಲ್ಲಾ. ಕೊನೆಗೂ ಅದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆ ಅದೇ ಶಾಲೆಯ ಅಂಗಳಕ್ಕೆ ಬಂದಿತು. ಅಂದು ಬೆಳಗ್ಗೆ ಸ್ನಾನ, ದೇವರ ಪೂಜೆ ಮುಗಿಸಿ, ಅಕ್ಕನ ಮಗಳ ಕೈ ಹಿಡಿದುಕೊಂಡು ಅಲ್ಲಿಗೆ ಹೋದೆ. ಅವಳು ಯಾರೆಂದು ನೀವು ಬಲ್ಲಿರಿ. ನಿಮ್ಮ ಮಣಿಕಟ್ಟನ್ನು ಮುಟ್ಟಿ ನೀವು ಯಾರೆಂದು ಗುರುತಿಸುವ ದೊಡ್ಡಮ್ಮನೇ ಅವಳು. ಮೈಸೂರಿನ ವೈದ್ಯರು ಕಣ್ಣಿನ ಪೊರೆ ತೆಗೆದು ಬೆಳಕು ನೆರಳು ಕಾಣುವಷ್ಟು ದೃಷ್ಟಿ ಕೊಟ್ಟರು. ಕಿವಿಯನ್ನು ಯಾರಿಂದಲೂ ಕೊಡಲಾಗಲಿಲ್ಲ.

ಸಾಲಿನಲ್ಲಿದ್ದ ಒಬ್ಬ ತಂದೆ ಮಗನನ್ನು ಹಿಂದಕ್ಕೆಳೆದು, "ಮೂರ್ ದಿನದ್ ಗುಳ್ಳೆಗೆ ಸೂಜಿ ಯಾಕೆ ಮೇಷ್ಟ್ರೇ?" ಎಂದು ಕೇಳಿದ. ನಾನು ದೊಡ್ಡಮ್ಮನ ಬೆರಳುಗಳನ್ನು ಆ ಹುಡುಗನ ಮಣಿಕಟ್ಟಿನ ಮೇಲಿಟ್ಟೆ. ಅವಳು ಕೈಯಿಂದ ಮುಖದವರೆಗೆ ತಡವಿ ನಕ್ಕಳು. ಆ ತಂದೆ ಅವಳ ಕಣ್ಣುಗಳನ್ನು ನೋಡಿದ. ತಾನೇ ಬಗ್ಗಿ ಮಗನ ಬಲತೋಳಿನ ಅಂಗಿ ಮಡಿಸಿದ. ಒಂದೊಂದು ತೋಳಿಗೆ ಸೂಜಿ ಇಳಿದಾಗಲೂ ನನ್ನೊಳಗೆ ಒಂದೊಂದು ಬಳೆ ಒಡೆದ ಸದ್ದು. ಆದರೆ ಈ ಸಲ ಏಟು ಬಿದ್ದದ್ದು ಶತ್ರುವಿಗೇ.

ನಮ್ಮ ಕಾಲದಲ್ಲಿ ಬೆವರುಸಾಲೆ ಎಂಬ ಒಂದು ಪದ ಸಾಕಾಗಿತ್ತು. ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ನಿಮಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ಲಸಿಕೆಯಾಗಿದೆ. ಆದರೂ ಹೋದ ತಿಂಗಳು ಕಿರಿಯವನಿಗೆ ಜ್ವರ ಬಂದು ಗುಳ್ಳೆ ಎದ್ದಾಗ ಆಶಾ ಕಾರ್ಯಕರ್ತೆ ಬಂದಳು, ಪರೀಕ್ಷೆಗೆ ರಕ್ತ ಹೋಯಿತು. ಅದು ರುಬೆಲ್ಲಾ ಅಲ್ಲವೆಂದು ವರದಿ ಬರುವ ತನಕ ಪಕ್ಕದ ಮನೆಯ ಬಸುರಿಯತ್ತ ಅವನನ್ನು ಬಿಡಲಿಲ್ಲ. "ಬೆವರುಸಾಲೆಗೆಲ್ಲ ರಕ್ತ ತೆಗೀತಾರಾ ತಾತ?" ಎಂದು ಅವನು ಮುಖ ಊದಿಸಿದ. ತೆಗೆಯಲಿ ಮಗು. ಹಗೆ ಯಾವ ವೇಷದಲ್ಲಿ ಬಂದರೂ ಬಾಗಿಲಲ್ಲೇ ತಡೆದು ಹೆಸರು ಕೇಳಲಿ.

ಸೂಜಿ ಹಿಡಿದ ಕೈಗಳಿಗೆ, ಬಿಸಿಲಿನಲ್ಲಿ ಮನೆಮನೆ ತಿರುಗುವ ಕಾಲುಗಳಿಗೆ, ರಕ್ತದ ಹನಿಯಲ್ಲಿ ಶತ್ರುವನ್ನು ಹುಡುಕುವ ಕಣ್ಣುಗಳಿಗೆ, ಅಳುತ್ತಲೇ ಚಾಚಿದ ಪುಟ್ಟ ತೋಳುಗಳಿಗೆಲ್ಲ ಶ್ರೀರಂಗನು ದೀರ್ಘಾಯುಷ್ಯ ಕೊಡಲಿ. ಅಂದು ನನ್ನನ್ನು ಸಾಣೆಕಲ್ಲಿನಂತೆ ಸಹಿಸಿಕೊಂಡ ಅಕ್ಕನಿಗೆ ಸದ್ಗತಿಯಾಗಲಿ. ಬಳೆಯವ್ವನ ಆತ್ಮ ತಣ್ಣಗಿರಲಿ. ಅವಳ ನಾಲಗೆ ಮಾತ್ರ ನಿಜವಾಗಲಿ. ಒಂದೂ ಉಳಿಯದಿರಲಿ.