ಬೋಣಿಯ ಫೈಲಿಗೆ ಅಪ್ಪಣೆ ಕೊಡಿಸಿದ ಜೈನಾಬೀ

ಬೆಳಗಿನ ಐದೂವರೆ. ಪ್ರಿಂಟರ್ ಇನ್ನೂ ಸದ್ದು ಮಾಡಿಲ್ಲ.

ಸಿಂಧನೂರಿನ ಧಾನ್ಯದ ಮಾರುಕಟ್ಟೆ ಗಂಜಿನ ಹಿಂದಿರುವ ಲಾರಿ ಆಫೀಸಿನಲ್ಲಿ ಜೈನಾಬೀ ಕಂಪ್ಯೂಟರ್ ಪರದೆಯ ಮುಂದೆ ಕುಳಿತಿದ್ದಾರೆ. ಹೊರಗೆ ಕಟ್ಟೆಯ ಮೇಲೆ ಹಮಾಲರು ಬೀಡಿ ಹಚ್ಚಿಕೊಂಡು ಕಾಯುತ್ತಿದ್ದಾರೆ. ಹತ್ತು ನಿಮಿಷ ಕಳೆಯುತ್ತಲೇ ಮೂಲೆಯ ಪ್ರಿಂಟರ್ ಕರಕರ ಎನ್ನುತ್ತದೆ. ಯಾವ ಲಾರಿಗೆ ಯಾವ ಮಾಲು, ಅದು ಯಾವ ಊರಿಗೆ ಹೋಗಬೇಕು ಎಂಬ ಲೋಡಿಂಗ್ ಚೀಟಿ ಉದ್ದಕ್ಕೆ ಇಳಿಯುತ್ತದೆ. ಆಮೇಲಷ್ಟೇ ಜೈನಾಬೀ ಆರಿಹೋದ ಚಹಾದ ಲೋಟ ಎತ್ತಿಕೊಳ್ಳುತ್ತಾರೆ.

"ಚೀಟಿ ಬರೂಮಟ ಚಾ ಗಂಟಲದಾಗ ಇಳಿಯಂಗಿಲ್ರೀ," ಎನ್ನುತ್ತಾರೆ.

ಅವರ ತವರು ಮುದಗಲ್. ತಂದೆ ಪೀರ್‌ಸಾಬ್ ಕೋಟೆ ಬಾಗಿಲ ಹತ್ತಿರ ಬಟ್ಟೆ ಹೊಲಿಯುತ್ತಿದ್ದರು. ಮಗಳು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಟೈಪಿಂಗ್ ಕಲಿತರು. ಮದುವೆಯಾಗಿ ಮಸ್ಕಿ ಸೇರಿದ ಮೇಲೆ ಅದೇ ವಿದ್ಯೆ ಈ ಆಫೀಸಿನ ಬಾಗಿಲು ತೆರೆಯಿತು. ಮೊದಲು ಮಸ್ಕಿ ಶಾಖೆಯ ಕೌಂಟರಿನಲ್ಲಿ ಬುಕಿಂಗ್ ಬರೆಯುತ್ತಿದ್ದರು. ತೊಂಬತ್ತೇಳರ ಬೇಸಿಗೆಯಲ್ಲಿ ಮಾಲೀಕ ಹಂಪಣ್ಣನವರು ಸಿಂಧನೂರಿಗೆ ಸರ್ವರ್ ತರಿಸಿದಾಗ, ಬೆರಳು ಓಡುವವರು ಬೇಕೆಂದು ಇವರನ್ನು ಇಲ್ಲಿಗೆ ಕರೆಸಿಕೊಂಡರು. ಹೈದರಾಬಾದಿನಿಂದ ಬಂದ ಎಂಜಿನಿಯರ್ ಕೆಲವು ದಿನ ಕೂತು ಹೇಳಿಕೊಟ್ಟು ಹೋದರು. ಆಗಿನಿಂದ ಯಂತ್ರ ಮುನಿಸಿಕೊಂಡರೆ ಜೈನಾಬೀಯೇ ನೋಡಬೇಕು.

ಈಗ ಮಸ್ಕಿಯಿಂದ ಹೊರಡುವ ಮೊದಲ ಬಸ್ಸು ಅವರದು. ಗಂಡ ಮಲೀಕಸಾಬ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅತ್ತೆ ಜಮೀಲಾಬೀ ನಸುಕಿನಲ್ಲೇ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಾರೆ. "ನನ್ನ ಸೊಸಿ ಮಶೀನ್ ಎಬ್ಬಸಾಕ ಸಿಂಧನೂರಿಗೆ ಹೊಕ್ಕಾಳ. ಬಾಜೂಕ ಮಲಗಿದ ಗಂಡನ್ನ ಎಬ್ಬಸೋದು ಮಾತ್ರ ನನಗ ಬಿಟ್ಟಾಳ," ಎಂದು ಅವರು ನಗುತ್ತಾರೆ.

ಕೆಲಸ ಹೇಳಿದಷ್ಟು ಹಗುರವಲ್ಲ. ಲಿಂಗಸುಗೂರು, ಮಸ್ಕಿ ಶಾಖೆಗಳ ಬುಕಿಂಗ್ ಸಂಜೆ ಟೆಲಿಫೋನ್ ತಂತಿಯ ಮೇಲೆ ಸರ್ವರಿಗೆ ಬರುತ್ತದೆ. ಮಳೆ ಬಂದರೆ ತಂತಿ ಗೊರಗುಟ್ಟುತ್ತದೆ, ಕರೆಂಟು ಹೋದರೆ ಬ್ಯಾಟರಿ ಕೂಗುತ್ತದೆ. ಬೆಳಗ್ಗೆ ಒಂದು ಸ್ಕ್ರಿಪ್ಟ್, ಎಂದರೆ ಯಂತ್ರಕ್ಕೆ ಮೊದಲೇ ಬರೆದಿಟ್ಟ ಆಜ್ಞೆಗಳ ಸಾಲು, ತನ್ನ ವೇಳೆಗೆ ತಾನೇ ಏಳುತ್ತದೆ. ಎಲ್ಲ ಬುಕಿಂಗ್ ಕೂಡಿಸಿ ವರ್ಷದ ಫೈಲಿಗೆ ಬರೆಯುತ್ತದೆ, ಅದರ ಮೊದಲ ಸಾಲನ್ನು ತಲೆಬರಹವಾಗಿಟ್ಟು ಆ ದಿನದ ಚೀಟಿ ಮುದ್ರಿಸುತ್ತದೆ. ಯಂತ್ರದೊಳಗೆ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಗುಪ್ತಪದ. ಬೆಳಗಿನ ಸ್ಕ್ರಿಪ್ಟ್ ಓಡಲೆಂದು ಜೈನಾಬೀ ಇಟ್ಟ ಹೆಸರು 'ಗಾಡಿ'.

ಈ 'ಗಾಡಿ' ಹೋದ ವರ್ಷದ ದೀಪಾವಳಿಯಲ್ಲಿ ನಿಂತುಹೋಯಿತು.

ಪಾಡ್ಯದ ಮರುದಿನ ಪ್ರಿಂಟರಿನಿಂದ ಬಂದ ಹಾಳೆಯಲ್ಲಿ 'ಶ್ರೀ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದವಿತ್ತು, ಉಳಿದದ್ದು ಖಾಲಿ. ಜೈನಾಬೀ ಟೆಲಿಫೋನ್ ತಂತಿ ಬಿಚ್ಚಿ ಮತ್ತೆ ಹಾಕಿದರು. ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ನೋಡಿದರು, ಬೇಕಾದಷ್ಟಿತ್ತು. ಹಿಂದಿನ ಸಂಜೆ ಕಸ ಗುಡಿಸುವಾಗ ಪ್ಲಗ್ ಕಿತ್ತಿರಬೇಕೆಂದು ಹಮಾಲರ ಮುಖಂಡ ಗೌಸ್‌ಸಾಬರ ಮೇಲೆ ರೇಗಿದರು.

"ಬೇಟಿ, ನಾ ನಿನ್ನ ಮಶೀನಿಗೆ ಸಲಾಮ್ ಹೊಡದು ದೂರಿಂದ ಹೊಕ್ಕೀನಿ. ನನ್ನ ಮ್ಯಾಲ ಯಾಕ ಹರಿಹಾಯಾಕತ್ತಿ?" ಎಂದರು ಗೌಸ್‌ಸಾಬ್.

ಬಿಸಿಲೇರಿದ ಮೇಲೆ ಬಂದ ಹಂಪಣ್ಣನವರು ತಮ್ಮ ಹೆಸರಿನಲ್ಲಿ ಯಂತ್ರದೊಳಗೆ ಹೋಗಿ, ಅದೇ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದರು. ಚೀಟಿ ಸರಾಗವಾಗಿ ಬಂತು. ಮರುದಿನ ನಸುಕಿನಲ್ಲಿ ಮತ್ತೆ ಬರೀ 'ಶ್ರೀ'. ಹಂಪಣ್ಣನವರು ಬಂದು ಮುಟ್ಟಿದರೆ ಮತ್ತೆ ಚೀಟಿ. ಅಷ್ಟರಲ್ಲಿ ಕಟ್ಟೆಯ ಮೇಲೆ ಮಾತು ಹುಟ್ಟಿತ್ತು: "ಅಕ್ಕಾರ ಕೈಗುಣ ಸರಿ ಇಲ್ಲ ನೋಡ್ರಿ." ಹಂಪಣ್ಣನವರೂ ಸಮಾಧಾನದಿಂದಲೇ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ ತಂಗಿ. ನಾಳೆನೂ ಹಿಂಗ ಆದ್ರ ನೀ ಮಸ್ಕಿ ಕೌಂಟರಿಗೆ ಹೊಳ್ಳಿ ಹೋಗು. ಇಲ್ಲೆ ಬ್ಯಾರೆಯವರನ್ನ ಕೂಡಸ್ತೀನಿ."

"ಕೌಂಟರ್ ಸಣ್ಣ ಕೆಲಸ ಅಂತಲ್ರೀ," ಎನ್ನುತ್ತಾರೆ ಜೈನಾಬೀ. "ಕೈಗುಣ ಇಲ್ಲಂತ ಹೊಳ್ಳಿ ಕಳಸಿದ್ರು ಅಂದ್ರ ನಾ ಮುದಗಲ್ಲಿಗೆ ಹ್ಯಾಂಗ ಮುಖ ತೋರಸ್ಲಿ?"

ಆ ಮಧ್ಯಾಹ್ನ ಅವರು ಬುತ್ತಿ ಬಿಚ್ಚಲಿಲ್ಲ. ಸಾವ್ಕಾರರ ಹೆಸರಿನಲ್ಲಿ ಓಡುವ ಸ್ಕ್ರಿಪ್ಟ್ ಗಾಡಿಯ ಹೆಸರಿನಲ್ಲಿ ಏಕೆ ಓಡದು ಎಂಬುದೊಂದೇ ತಲೆಯಲ್ಲಿತ್ತು. ಕೊನೆಗೆ ತಾವೇ 'ಗಾಡಿ'ಯಾಗಿ ಯಂತ್ರದೊಳಗೆ ಹೋದರು. ವರ್ಷದ ಫೈಲಿಗೆ ಒಂದು ಸಾಲು ಬರೆಯಲು ನೋಡಿದರು. ಬರೆಯಲು ಅನುಮತಿ ಇಲ್ಲ ಎಂದಿತು ಯಂತ್ರ. ಫೈಲು ಯಾರದು ಎಂದು ಕೇಳಿದರು. ಹಂಪಣ್ಣನವರ ಹೆಸರು ಬಂತು.

ಆಗ ಅವರಿಗೆ ಪಾಡ್ಯದ ಪೂಜೆ ನೆನಪಾಯಿತು. ವರ್ಷದ ಬೋಣಿ, ಎಂದರೆ ಲೆಕ್ಕದ ಮೊದಲ ಬರಹ, ಮಾಲೀಕರ ಕೈಯಿಂದಲೇ ಆಗಬೇಕೆಂಬುದು ಈ ಮನೆತನದ ಪದ್ಧತಿ. ಮೊದಲಾದರೆ ದಿನದ ಲೆಕ್ಕ ಬರೆಯುವ ಕೀರ್ದಿ ಪುಸ್ತಕಕ್ಕೆ ಅರಿಸಿನ ಹಚ್ಚಿ 'ಶ್ರೀ' ಬರೆಯುತ್ತಿದ್ದರು. ಯಂತ್ರ ಬಂದ ಮೊದಲ ದೀಪಾವಳಿ ಅದು. ಹಂಪಣ್ಣನವರು ಪರದೆಗೆ ಕುಂಕುಮವಿಟ್ಟು, ತಮ್ಮ ಹೆಸರಿನಲ್ಲಿ ಹೊಸ ವರ್ಷದ ಫೈಲು ತೆರೆದು 'ಶ್ರೀ' ಎಂದು ಟೈಪ್ ಮಾಡಿದ್ದರು. ಹಿಂದಿನ ಫೈಲನ್ನು ಗಾಡಿಯೇ ಹುಟ್ಟಿಸಿತ್ತು. ಯಾರು ಹುಟ್ಟಿಸಿದರೋ ಫೈಲು ಅವರದು. ಬೇರೆಯವರು ಓದಬಹುದು, ಬರೆಯುವಂತಿಲ್ಲ.

ಸಂಜೆ ಜೈನಾಬೀ ಇದನ್ನು ಹೇಳಿದಾಗ ಹಂಪಣ್ಣನವರು ನಕ್ಕರು. "ಅಂದ್ರ ನಾನs ಕೀಲಿ ಜಡದು ಮನಿಗೆ ಹೋಗೀನಿ ಅನ್ನು." ಫೈಲನ್ನು ಗಾಡಿಯ ಹೆಸರಿಗೆ ಮಾಡಿಬಿಡೋಣ ಎಂದು ಜೈನಾಬೀ ಹೇಳಿದೊಡನೆ ನಗು ನಿಂತಿತು. "ಹಬ್ಬದ ವಾರದಾಗ ಬೋಣಿ ಮಾಡಿದ್ದು ಬ್ಯಾರೆಯವರ ಹೆಸರಿಗೆ ಬರದು ಕೊಡಬೇಕನು? ಆಗೂದಿಲ್ಲ ತಂಗಿ."

ಜೈನಾಬೀ ಕೀಬೋರ್ಡನ್ನು ಅವರತ್ತ ಸರಿಸಿದರು. ಮಸ್ಕಿಯ ಕೌಂಟರು ಕಣ್ಣೆದುರಿಗಿತ್ತು. ಆಮೇಲೆ ಹೇಳಿದರು: "ಹೆಸರು ನಿಮ್ಮದs ಇರ್ಲಿ ಸಾವ್ಕಾರ್ರ. ಬರಿಯಾಕಷ್ಟೇ ಗಾಡಿಗೆ ಅಪ್ಪಣಿ ಕೊಡ್ರಿ. ಅಂಗಡಿ ನಿಮ್ಮದs, ಗುಮಾಸ್ತ ಬರೀತಾನ. ಹಂಗ."

ಹಂಪಣ್ಣನವರು ಕುರ್ಚಿ ಎಳೆದುಕೊಂಡರು. ಜೈನಾಬೀ ಒಂದೊಂದೇ ಅಕ್ಷರ ಹೇಳಿದರು, ಅವರು ಒಂದೊಂದೇ ಬೆರಳಿನಿಂದ ಎರಡು ಸಾಲು ಒತ್ತಿದರು. ಮರುದಿನ ನಸುಕಿನಲ್ಲಿ ಚೀಟಿ ತಾನೇ ಬಂತು. ಜೈನಾಬೀ ಮೊದಲು ಮಾಡಿದ ಕೆಲಸ ಗೌಸ್‌ಸಾಬರಿಗೆ ಚಹಾ ತರಿಸಿದ್ದು.

"ಮಾಫ್ ಮಾಡ್ರಿ ಚಾಚಾ ಅಂದೆ. ಬರೀ ಚಾಕ್ಕ ಆಗಂಗಿಲ್ಲ, ಮಿರ್ಚಿ ಭಜಿ ಬೇಕಂದ್ರು."

ಕೈಗುಣದ ಮಾತು ಈಗ ಕಟ್ಟೆಯ ಮೇಲೆ ಕೇಳುವುದಿಲ್ಲ. ಇನ್ನೇನು ಬೇಕು ಎಂದರೆ ಜೈನಾಬೀ ದೊಡ್ಡದೇನೂ ಕೇಳುವುದಿಲ್ಲ. "ಮಸ್ಕಿ ಬಸ್ಸು ಒಂದೀಟು ಲಗೂ ಬಂದ್ರ ಸಾಕ್ರೀ. ಸ್ಕ್ರಿಪ್ಟ್ ಏಳೂದ್ರಾಗ ನಾ ಮುಖ ತೊಳಕೊಂಡು ಕುಂತಿರ್ತೀನಿ."

ಈ ವರ್ಷದ ಪಾಡ್ಯಕ್ಕೆ ಹಂಪಣ್ಣನವರು ಎಂದಿನಂತೆ ತಮ್ಮ ಹೆಸರಿನಲ್ಲೇ ಬೋಣಿ ಮಾಡಿದರು. ಕರ್ಪೂರ ಹಚ್ಚುವ ಮೊದಲು ತಾವಾಗಿಯೇ ಕೇಳಿದರು: "ಜೈನಾಬೀ, ಅಪ್ಪಣಿ ಕೊಡೋ ಸಾಲು ಹೇಳು." ಮರುದಿನ ಐದು ನಲವತ್ತಕ್ಕೆ ಪ್ರಿಂಟರ್ ಸದ್ದು ಮಾಡಿತು. ಮೊದಲ ಸಾಲು 'ಶ್ರೀ', ಎರಡನೆಯದು ವಳಕಮದಿನ್ನಿ ಊರಿನ ಭತ್ತ. ಗೌಸ್‌ಸಾಬ್ ಚೀಟಿ ಹರಿದುಕೊಂಡು ಹೊರಗೆ ಹೋದರು.