ರೇಣುಕಾದೇವಿಯ ಮೂರನೆಯ ಕಾರ್ಡು

ಸುರಪುರದ ನಮ್ಮ ಬಾಲಕಿಯರ ವಸತಿ ನಿಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ರೇಣುಕಾದೇವಿ. ತಿಂಥಣಿಯವಳು, ಕೃಷ್ಣೆಯಲ್ಲಿ ಬಲೆ ಬೀಸುವ ದ್ಯಾವಪ್ಪನ ಮಗಳು. ಡಿಪ್ಲೊಮಾ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಬಿಚ್ಚಿ ನೋಡಿ ಕಲಿತದ್ದು. ಅಡುಗೆಮನೆಯ ಮಿಕ್ಸರ್ ಕೆಟ್ಟರೂ ಅವಳನ್ನೇ ಕರೆಯುತ್ತೇವೆ. ಒಂದೇ ಕೊರತೆ, ಏನು ಕೇಳಿದರೂ "ನೋಡ್ತೇನ್ರಿ" ಅನ್ನುತ್ತಾಳೆಯೇ ಹೊರತು ಹೌದು, ಇಲ್ಲ ಎಂದು ಹೇಳಿದವಳಲ್ಲ. ಹದಿನೆಂಟು ವರ್ಷ ವಾರ್ಡನ್ ಆಗಿ ಹುಡುಗಿಯರನ್ನು ಗದರಿಸುತ್ತಲೇ ಬದುಕಿದ ನನಗೆ ಈ ನಿಧಾನ ಸೇರುವುದಿಲ್ಲ.

ಕಳೆದ ಫೆಬ್ರುವರಿಯ ಒಂದು ಶುಕ್ರವಾರ ಮಧ್ಯಾಹ್ನ ನಿಲಯದ ಕಂಪ್ಯೂಟರುಗಳಲ್ಲಿದ್ದ ಹಾಜರಿ, ಅಂಕಪಟ್ಟಿ ಎಲ್ಲ ಹಾಳಾದವು. ಯಾರೋ ಒಂದು ಕೆಟ್ಟ ಲಿಂಕ್ ಒತ್ತಿದ್ದರು. ಆ ಯಾರೋ ನಾನೇ. ನನ್ನ ಕಂಪ್ಯೂಟರಿಗೆ ಮದುವೆಯ ಆಮಂತ್ರಣ ಎಂದು ಬಂದಿತ್ತು. ಯಾರ ಮದುವೆ ಎಂದು ನೋಡುವ ಚಪಲಕ್ಕೆ ಒತ್ತಿಬಿಟ್ಟೆ.

ನಿಲಯದ ಸಮಿತಿಯ ಅಧ್ಯಕ್ಷ ಸಂಗಣ್ಣನವರು ಬಂದವರೇ ಇದು ಹುಡುಗಿಯರ ಕೆಲಸ ಎಂದು ತೀರ್ಮಾನಿಸಿದರು. ಬುಧವಾರ ಸಂಜೆ ನಾಲ್ಕಕ್ಕೆ ಮತ್ತೆ ಬರುವುದಾಗಿಯೂ, ಅಷ್ಟರಲ್ಲಿ ಇಂಥವಕ್ಕೆ ತಡೆ ಹಾಕದಿದ್ದರೆ ಇಂಟರ್ನೆಟ್ಟನ್ನೇ ಕಿತ್ತುಹಾಕಿಸುವುದಾಗಿಯೂ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಗದರಿಸುವ ಬಾಯಿಗೆ ತಪ್ಪು ಒಪ್ಪಿಕೊಳ್ಳುವುದು ಬರುವುದಿಲ್ಲ. ಗುರುವಾರ ಬೆಳಿಗ್ಗೆ ನಮ್ಮ ಪವಿತ್ರಾಗೆ ವಿದ್ಯಾರ್ಥಿವೇತನದ ವಿಡಿಯೊ ಸಂದರ್ಶನವಿತ್ತು. ಅವಳ ಅಪ್ಪ ಕಡೇಚೂರಿನ ಕಾರ್ಖಾನೆಯಲ್ಲಿ ಕೂಲಿ. ಗುಡ್ಡದ ಬುಡದಲ್ಲಿರುವ ನಮ್ಮ ನಿಲಯಕ್ಕೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೆಟ್ ಹೋದರೆ ಆ ಹುಡುಗಿಯ ಓದೂ ಹೋದಂತೆ, ಅದೂ ನನ್ನಿಂದ. ಆ ಐದು ದಿನ ನನಗೆ ಅನ್ನ ಸೇರಲಿಲ್ಲ.

ರೇಣುಕಾದೇವಿ ಒಂದು ಹಳೆಯ ಕಂಪ್ಯೂಟರ್ ತೆಗೆದುಕೊಂಡು ಅದಕ್ಕೆ ಫೈರ್‌ವಾಲ್ ತಂತ್ರಾಂಶ ಹಾಕಿದಳು. ದುಡ್ಡಿಲ್ಲದೆ ಸಿಗುವಂಥದ್ದು, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಬಹುದಾದದ್ದು. ಹೊರಗಿನಿಂದ ಬರುವುದೆಲ್ಲ ಅದನ್ನು ದಾಟಿಯೇ ಬರಬೇಕು. ಅದು ಕೆಟ್ಟದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ಆದರೆ ಹುಡುಗಿಯರ ಬಳಿ ಇರುವುದು ಮೊಬೈಲು. ಅವೂ ಈ ಬಾಗಿಲಿನಿಂದಲೇ ಬರಬೇಕಾದರೆ ಆ ಕಂಪ್ಯೂಟರಿಗೆ ಒಂದು ವೈಫೈ ಕಾರ್ಡು ಬೇಕು. ಶಹಾಪುರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಅಸದನಿಂದ ಹೆಸರುವಾಸಿ ಕಂಪನಿಯ ಕಾರ್ಡು ತಂದಳು. ಹಾಕಿದರೆ ಯಂತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದನ್ನು ಮಾತಾಡಿಸುವ ಡ್ರೈವರ್ ಈ ತಂತ್ರಾಂಶದಲ್ಲಿ ಇಲ್ಲವಂತೆ. ಸೋಮವಾರ ಮತ್ತೆ ಶಹಾಪುರಕ್ಕೆ ಹೋಗಿ, ಅದೇ ಕಂಪನಿಯ ಇನ್ನೊಂದು ಕಾರ್ಡು ತಂದಳು. ಇದನ್ನು ಯಂತ್ರ ಗುರುತಿಸಿತು. ಆದರೆ ಅದು ಬೇರೆಯವರ ವೈಫೈ ಹಿಡಿಯುತ್ತಿತ್ತೇ ವಿನಾ ತಾನೇ ವೈಫೈ ಕೊಡುತ್ತಿರಲಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ನಾನು ಚುಚ್ಚಿದೆ. ಅವಳು ನಗಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಮಂಗಳವಾರ ಮಧ್ಯಾಹ್ನ ಅವಳಪ್ಪ ದ್ಯಾವಪ್ಪ ಬಂದ. ಬಲೆಗೆ ನೂಲು ಕೊಳ್ಳಲು ಪೇಟೆಗೆ ಬಂದವನು ಮಗಳ ಮುಖ ನೋಡಿ ಹೋಗಲು ಹೊಕ್ಕಿದ್ದ. ಕಟ್ಟೆಯ ಮೇಲೆ ಕೂತು, ತಂದ ಉಂಡೆಗಳಿಂದ ಒಂದೊಂದು ಎಳೆ ಎಳೆದು ಕಡ್ಡಿ ಗೀರಿ ಸುಡತೊಡಗಿದ. ಕರಗಿ ಮಣಿಯಾದರೆ ನೈಲಾನು, ಬೂದಿಯಾದರೆ ಬೆರಕೆ. ಉಂಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರಿದೆಯಲ್ಲ, ಮತ್ತೆ ಸುಡುವುದೇಕೆ ಎಂದು ಕೇಳಿದೆ.

"ಹೆಸರ ನೋಡಿ ನೂಲ ತಗೊಂಡ್ರ ಹೊಳ್ಯಾಗಿನ ಮೀನ ನಗ್ತಾವ್ರಿ," ಅಂದ. "ಹೋದ ವರ್ಷ ಇದ ಕಂಪನಿದು ಚೊಲೋ ಇತ್ತು. ಹೆಸರ ಅದ ಐತಿ, ಒಳಗ ಬ್ಯಾರೆ ಹಾಕ್ಯಾರ."

ಪಕ್ಕದಲ್ಲಿ ಕೂತಿದ್ದ ರೇಣುಕಾದೇವಿ ಚಹಾದ ಲೋಟ ಕೆಳಗಿಟ್ಟು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಮೊದಲ ಕಾರ್ಡಿನ ತಗಡಿನ ಮುಚ್ಚಳ ತೆಗೆದು, ಒಳಗೆ ನಿಜವಾದ ಕೆಲಸ ಮಾಡುವ ಚಿಪ್ಪಿನ ಮೇಲಿದ್ದ ಸಾಸಿವೆಯಷ್ಟು ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದಳು. ಕಂಪನಿ ಅದೇ ಹೆಸರಿಟ್ಟುಕೊಂಡು ಚಿಪ್ಪನ್ನು ಬದಲಿಸಿತ್ತು. ಯಾವುದು ಹೊಂದುತ್ತದೆ ಎಂದು ಫೈರ್‌ವಾಲಿನವರು ಕೊಟ್ಟ ಪಟ್ಟಿಯಲ್ಲಿದ್ದದ್ದು ಚಿಪ್ಪುಗಳ ಹೆಸರು. ಇವಳು ಕೊಂಡದ್ದು ಡಬ್ಬಿಯ ಹೆಸರು ನೋಡಿ. ಮೀನುಗಾರನ ಮಗಳಾಗಿ ಹೀಗೆ ಮೋಸ ಹೋದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ವೈಫೈ ಕೊಡಬಲ್ಲ ನಾಲ್ಕು ಚಿಪ್ಪುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಸದನಿಗೆ ಫೋನ್ ಮಾಡಿದಳು. ಅವನು ತನ್ನ ಅಂಗಡಿಯನ್ನೆಲ್ಲ ಜಾಲಾಡಿ ಒಂದೂ ಇಲ್ಲ ಅಂದ. ಹೊಸದು ಹಾಗಿರಲಿ, ಹಳೆಯ ಕಂಪ್ಯೂಟರುಗಳಲ್ಲಿ ಇದ್ದರೂ ಇರಬಹುದು ಎಂದು ಸೇರಿಸಿದ. ನಮ್ಮ ಉಗ್ರಾಣದಲ್ಲಿ ಮುರಿದ ಮಂಚಗಳ ಹಿಂದೆ, ಯಾರೋ ಪುಣ್ಯಾತ್ಮರು ದಾನ ಕೊಟ್ಟ ಐದು ಸತ್ತ ಕಂಪ್ಯೂಟರುಗಳು ಬಿದ್ದಿದ್ದವು. ಮೂರನೆಯದರ ಹೊಟ್ಟೆಯಲ್ಲಿ ಧೂಳು ಮೆತ್ತಿದ ಒಂದು ಕಾರ್ಡು. ರೇಣುಕಾದೇವಿ ಸೆರಗಿನಿಂದ ಒರೆಸಿ ಓದಿ, ಚೀಟಿ ನೋಡಿ, ಮತ್ತೆ ಓದಿದಳು. ಪಟ್ಟಿಯ ಎರಡನೆಯ ಹೆಸರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕತೆ.

ಅದು ಹಳೆಯದು, ವೇಗ ಕಡಿಮೆ. ಆದರೆ ಸಂಜೆ ಐದಕ್ಕೆ ನನ್ನ ಮೊಬೈಲಿನಲ್ಲಿ ನಮ್ಮ ನಿಲಯದ ಹೆಸರು ಮೂಡಿತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ರೇಣುಕಾದೇವಿ ನೋಡಿಯೂ ನೋಡದವಳಂತೆ ತಂತಿ ಸುತ್ತುತ್ತಿದ್ದಳು.

ಬುಧವಾರ ಸಂಗಣ್ಣನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ರೇಣುಕಾದೇವಿ ಅವರ ಮೊಬೈಲನ್ನು ನಮ್ಮ ವೈಫೈಗೆ ಸೇರಿಸಿ, ಅದರಲ್ಲೇ ಆ ಮದುವೆಯ ಲಿಂಕನ್ನು ಒತ್ತಿಸಿದಳು. ತೆರೆಯಲಿಲ್ಲ. ಪಕ್ಕದ ಕೋಣೆಯಿಂದ ಪವಿತ್ರಾ ವಿಡಿಯೊದಲ್ಲಿ ಅವರಿಗೆ ನಮಸ್ಕಾರ ಹೇಳಿದಳು. ಮುಖ, ಮಾತು ಎರಡೂ ಸ್ಪಷ್ಟ. ನೆಟ್ ಇರಲಿ ಎಂದು ಅವರು ಒಪ್ಪಿದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನುವಷ್ಟರಲ್ಲಿ, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಬುದ್ಧಿ ಹೇಳತೊಡಗಿದರು. ಪವಿತ್ರಾ ತಲೆ ತಗ್ಗಿಸಿದಳು. ಅದನ್ನು ನೋಡಲಾಗಲಿಲ್ಲ.

"ಹುಡಿಗ್ಯಾರಿಗಿ ಅನಬ್ಯಾಡ್ರಿ," ಅಂದೆ. "ಅದನ್ನ ಒತ್ತಿದಾಕಿ ನಾನ."

ಸಂಗಣ್ಣನವರು ನನ್ನನ್ನೊಮ್ಮೆ, ಹುಡುಗಿಯರನ್ನೊಮ್ಮೆ ನೋಡಿ, ಚಹಾ ಇದೆಯೇ ಎಂದು ಕೇಳಿದರು.

ಅವರು ಹೋದ ಮೇಲೆ ರೇಣುಕಾದೇವಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ನನ್ನ ತಪ್ಪಿಗೆ ಅವಳು ಐದು ದಿನ ಒದ್ದಾಡಿದ್ದಳಲ್ಲ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ಮೊದಲ ದಿನಾನ ನಿಮ್ಮ ಕಂಪ್ಯೂಟರ್ ನೋಡಿ ಗೊತ್ತಾಗಿತ್ತ್ರಿ ಅಕ್ಕಾ. ನೀವಾಗೇ ಹೇಳ್ತೀರಿ ಅಂತ ಕಾಯಾಕತ್ತಿದ್ನಿ," ಅಂದಳು. "ಮೊದಲನೇ ತಡಿ ನಿಮ್ಮ ಕಂಪ್ಯೂಟರಿಗೇ ಹಾಕೀನಿ."