ತುಂಬಿದ ಲಾರಿಯ ಅಳತೆ

ಹೋದ ತಿಂಗಳು ಮೈಸೂರಿನಲ್ಲಿ, ನಾನು ಪಾಠ ಹೇಳುವ ಶಾಲೆಯಿಂದ ಮನೆಗೆ ನಡೆದು ಬರುತ್ತಿದ್ದಾಗ, ಕಮ್ಮಾರರೊಬ್ಬರು ಲಾರಿಯಡಿ ಕಟ್ಟುವ ಹೊಸ ಕಬ್ಬಿಣದ ಪೆಟ್ಟಿಗೆಗೆ ಟಾರು ಬಳಿಯುತ್ತಿದ್ದರು. ಬಿಸಿ ಟಾರಿನ ವಾಸನೆ ಮೂಗಿಗೆ ತಾಗಿದೊಡನೆ, ಹುಣಸೂರಿನಲ್ಲಿ ನಮ್ಮ ಲಾರಿ ಓಡಿಸುತ್ತಿದ್ದ ಡ್ರೈವರ್ ನೆನಪಾದರು.

ಅಪ್ಪ ಹೆಗ್ಗಡದೇವನಕೋಟೆ ಕಡೆಯಿಂದ ಮರದ ದಿಮ್ಮಿ ತರಿಸುತ್ತಿದ್ದರು. ಲಾರಿಗೆ ಪಕ್ಕದ ಹಲಗೆಗಳಿರಲಿಲ್ಲ. ಹಿಂಭಾಗವೆಲ್ಲ ಬರೀ ಚಪ್ಪಟೆ ಹಾಸು. ಜಾಕಿ, ಸ್ಪ್ಯಾನರು, ಸರಪಳಿಗಳು ಆ ಹಾಸಿನ ಕೆಳಗೆ ತೂಗುತ್ತಿದ್ದ ಮರದ ಪೆಟ್ಟಿಗೆಯಲ್ಲಿರುತ್ತಿದ್ದವು. ಅದರ ತಳ ಲಡ್ಡು ಹಿಡಿದು ಪುಡಿಯಾಗುತ್ತಿತ್ತು. ಬಾಳಿಕೆ ಬರುವಂಥ ಹೊಸದಕ್ಕಾಗಿ ಡ್ರೈವರ್ ಹೋದಲ್ಲೆಲ್ಲ ಹುಡುಕುತ್ತಿದ್ದರು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಒಂದು ಪೆಟ್ಟಿಗೆಯಲ್ಲಿ ಇಷ್ಟೊಂದು ಆರಿಸುವುದೇನಿದೆ ಎಂಬ ಕುತೂಹಲಕ್ಕೆ ಕೇಳುತ್ತ ಹೋದೆ.

ಪಿರಿಯಾಪಟ್ಟಣದ ಬಡಗಿಯ ತೇಗದ ಪೆಟ್ಟಿಗೆ ಬೇಡವೆಂದರು. ಮಳೆಗೆ ಉಬ್ಬಿದರೆ ಬಾಗಿಲು ಕಚ್ಚಿಕೊಳ್ಳುತ್ತದೆ, ಜಾಕಿ ಬೇಕಾಗುವುದೇ ಮಳೆಯಲ್ಲಿ. ತೆಳು ತಗಡಿನದೊಂದನ್ನು ಬೆರಳಿನಿಂದ ಒತ್ತಿ ನೋಡಿ ಬಿಟ್ಟು ಬಂದಿದ್ದರು. "ಅದ್ರಲ್ಲಿ ಚಕ್ಲಿ ತುಂಬಿಕ್ಬೋದು ಕಣಮ್ಮಣ್ಣಿ, ಜಾಕಿ ಅಲ್ಲ." ಕೊನೆಗೆ ಕೃಷ್ಣರಾಜನಗರದ ಕಮ್ಮಾರರ ಹತ್ತಿರ ಮಿಲಿಟರಿ ಹರಾಜಿನ ದಪ್ಪ ತಗಡು ಸಿಕ್ಕಿತು. ತಳಕ್ಕೆ ಎರಡು ತೂತು ಹಾಕಿಸಬೇಕೆಂದಾಗ ನನಗೆ ನಗು ಬಂತು.

"ಹೊಸ ಪೆಟ್ಟಿಗೆಗೆ ತೂತೇ?" ಎಂದೆ.

"ನೀರು ಒಳೀಕ್ ಬಂದೇ ಬತ್ತದೆ. ಓಗಾಕೂ ಒಂದ್ ದಾರಿ ಬ್ಯಾಡ್ವಾ?"

ಕಮ್ಮಾರರಿಗೆ ಅಳತೆ ಬರೆದು ಕಳಿಸಬೇಕಿತ್ತು. ಅಪ್ಪ ಟೇಪನ್ನು ನನ್ನ ಕೈಗೆ ಕೊಟ್ಟರು. ಅಂಗಳದಲ್ಲಿ ನಿಂತಿದ್ದ ಲಾರಿಯ ಹಾಸಿನಡಿಯಿಂದ ನೆಲಕ್ಕೆ ಮೂವತ್ತೆರಡು ಅಂಗುಲ. ಪೆಟ್ಟಿಗೆ ಇಪ್ಪತ್ತು ಅಂಗುಲ ಆಳವಿರಲಿ, ಸಾಮಾನೆಲ್ಲ ಹಿಡಿಸುತ್ತದೆ ಎಂದರು ಅಪ್ಪ.

ಡ್ರೈವರ್ ತಲೆ ಕೆರೆದುಕೊಂಡರು. "ದಿಮ್ಮಿ ಏರ್ಕೊಂಡ್ ಬರೋಗಂಟ ತಡೀರಿ ಬುದ್ದಿ."

"ನಿನ್ನ ಗೇಣಿಗಿಂತ ಕಡೆಯಾಯ್ತೇನಯ್ಯ ನನ್ನ ಮಗಳ ಟೇಪು? ಬಿ.ಎಸ್ಸಿ. ಓದ್ತಿದಾಳೆ ಕಣಯ್ಯ!"

"ಅಮ್ಮಣ್ಣಿ ಅಳ್ತೆ ಸರ್ಯಾಗೇ ಅದೆ. ಖಾಲಿ ಲಾರೀದು, ಅಷ್ಟೇಯ."

ಅಪ್ಪ ಕೇಳಲಿಲ್ಲ. ಅಳತೆಯ ಚೀಟಿ ಅಂದೇ ಹೋಯಿತು.

ಎರಡು ದಿನದ ಮೇಲೆ ಲಾರಿ ದಿಮ್ಮಿ ಹೊತ್ತು ಅಂಗಳಕ್ಕೆ ಬಂತು. ಅಪ್ಪ ಮನೆಯಲ್ಲಿರಲಿಲ್ಲ. ನಾನೇ ಟೇಪು ತಂದೆ. ಅದರ ಇನ್ನೊಂದು ತುದಿಯನ್ನು ಡ್ರೈವರ್ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಒತ್ತಿ ಹಿಡಿದರು. ಇಪ್ಪತ್ತಾರು. ಭಾರಕ್ಕೆ ಸ್ಪ್ರಿಂಗು ಕುಗ್ಗಿ ಲಾರಿ ಆರು ಅಂಗುಲ ಇಳಿದಿತ್ತು. ಪೆಟ್ಟಿಗೆ ಕಟ್ಟಿದರೆ ಅದರಡಿ ಉಳಿಯುವುದು ಆರೇ ಅಂಗುಲ. ಕಾಡುದಾರಿಯ ಕಲ್ಲುಗಳಿಗೆ ಅದು ಏನೇನೂ ಸಾಲದು. ನೋಟುಬುಕ್ಕಿನಲ್ಲಿ ಮೊದಲ ಅಳತೆಯ ಕೆಳಗೇ ಬರೆದುಕೊಂಡೆ. ಅದನ್ನು ನೋಡಿ ಡ್ರೈವರ್ ನಕ್ಕರು.

ಮಾರನೆಯ ವಾರ ಇಪ್ಪತ್ತು ಅಂಗುಲದ ಪೆಟ್ಟಿಗೆ ಬಂತು. ಅದನ್ನು ಕಟ್ಟಿಕೊಂಡು ಲಾರಿ ಓಡಿಸಲಾರೆ ಎಂದರು ಡ್ರೈವರ್. ಅಪ್ಪನಿಗೆ ಸಿಟ್ಟು ಬಂತು.

"ಹಾಗಾದ್ರೆ ಕೀಲಿಕೈ ಇಟ್ಟು ಹೋಗು. ಡ್ರೈವರುಗಳಿಗೆ ಬರವಿಲ್ಲ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಎರಡೂ ಅಳತೆಗಳಿದ್ದ ನೋಟುಬುಕ್ಕು ಕೈಯಲ್ಲೇ ಇತ್ತು. ಅಪ್ಪ ಅಷ್ಟು ಹೆಮ್ಮೆಪಟ್ಟ ಅಳತೆ ಸಾಲದೆಂದು ನಾನೇ ಹೇಳಲು ನಾಲಿಗೆ ಏಳಲಿಲ್ಲ. ಡ್ರೈವರ್ ಒಮ್ಮೆ ನನ್ನ ಕಡೆ ನೋಡಿದರು. "ಅಮ್ಮಣ್ಣೀನೇ ಕೇಳಿ" ಎಂದಿದ್ದರೆ ಸಾಕಿತ್ತು, ಅವರ ಕೆಲಸ ಉಳಿಯುತ್ತಿತ್ತು. ಅನ್ನಲಿಲ್ಲ. ಕೀಲಿಕೈಯನ್ನು ಜಗಲಿಯ ಮೇಲಿಟ್ಟು, "ಬತ್ತೀನಿ ಅಮ್ಮಣ್ಣಿ" ಎಂದು ಹೊರಟುಹೋದರು.

ಹೊಸ ಡ್ರೈವರ್ ಬಂದು ತಿಂಗಳು ತುಂಬುವ ಮೊದಲೇ ಪೆಟ್ಟಿಗೆ ಕಾಡುದಾರಿಯ ಕಲ್ಲಿಗೆ ಬಡಿದು ಕಿತ್ತುಹೋಯಿತು. ಅಪ್ಪ ಹದಿಮೂರು ಅಂಗುಲದ್ದೊಂದನ್ನು ಮಾಡಿಸಿದರು.

ಕಳೆದ ಭಾನುವಾರ ಊರಿಗೆ ಹೋದವಳು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ನೀನೇಕೆ ಸುಮ್ಮನಿದ್ದೆ ಎಂದು ಕೇಳಿಯಾರೆಂದು ಬಸ್ಸಿನಲ್ಲೇ ಉತ್ತರ ಜೋಡಿಸಿಕೊಂಡಿದ್ದೆ. ಅವರು, "ನೀನೇ ಅಳೆದಿದ್ದೀಯಂತ ಅವನ್ಯಾಕೆ ಹೇಳ್ಲಿಲ್ಲ?" ಎಂದರು.

ನನಗೂ ತಿಳಿಯಬೇಕಾಗಿರುವುದು ಅದೇ. ಡ್ರೈವರ್ ಈಗ ಕೊಡಗಿನ ಕಡೆ ಲಾರಿ ಓಡಿಸುತ್ತಾರೆಂದು ಯಾರೋ ಅಂದಿದ್ದರು. ವಿಚಾರಿಸಿದೆ, ಅಲ್ಲಿಂದಲೂ ಹೋಗಿ ಎರಡು ವರ್ಷವಾಯಿತಂತೆ. ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ...